ಭೌತಶಾಸ್ತ್ರ ಗಿಟ್ಟುತ್ತದೆಯೆ?

ಶಿರಾ ಸೀಮೆಯ ರೈತ ಕಡಲೆಕಾಯಿ ಬಿತ್ತುವ ಮುನ್ನ ‘ಈ ಸಲ ಗಿಟ್ಟೀತೆ?’ ಎಂದು ಬೆರಳು ಮಡಿಸಿ ಎಣಿಸಿದರೆ ಅವನನ್ನು ಯಾರೂ ದುಡ್ಡಿನಾಸೆಯವನೆನ್ನುವುದಿಲ್ಲ, ವಿವೇಕಿಯೆನ್ನುತ್ತಾರೆ. ಅದೇ ರೈತ ಮಗನನ್ನು ಬಿ.ಎಸ್ಸಿ.ಗೆ ಸೇರಿಸಲು ಬಂದು, ‘ಸ್ವಾಮಿ, ಈ ಫಿಸಿಕ್ಸು ಓದಿದರೆ ಏನು ಗಿಟ್ಟುತ್ತದೆ?’ ಎಂದನೋ, ನಮ್ಮ ವಿದ್ವಜ್ಜನರು ಮೂಗು ಮುರಿದರೆಂದೇ ತಿಳಿಯಿರಿ. ವಿದ್ಯೆಯನ್ನು ತಕ್ಕಡಿಯಲ್ಲಿ ತೂಗಬಾರದಂತೆ. ಜ್ಞಾನಕ್ಕೆ ಬೆಲೆ ಕಟ್ಟಬಾರದಂತೆ. ಹೀಗೆನ್ನುವವರೆಲ್ಲ ತಿಂಗಳು ತಿಂಗಳೂ ತಪ್ಪದೆ ಸಂಬಳ ಎಣಿಸುವವರೆಂಬುದನ್ನು ವಾಚಕರು ಗಮನಿಸಬೇಕು. (ನಾನೂ ಆ ಪೈಕಿಯವನೇ, ಅದರಲ್ಲಿಯೂ ಕನ್ನಡದ ಮೇಷ್ಟ್ರು. ನನಗೇಕೆ ಭೌತಶಾಸ್ತ್ರದ ಗೊಡವೆ ಎಂಬುದನ್ನು ಮುಂದೆ ಹೇಳುತ್ತೇನೆ.)

ಪ್ರತಿವರ್ಷ ಫೆಬ್ರವರಿ 28ರಂದು ನಾವು ಸರ್ ಸಿ.ವಿ. ರಾಮನ್ ಅವರ ಪಟಕ್ಕೆ ಹಾರ ಹಾಕಿ, ‘ನೀವೂ ಹೀಗಾಗಿರಿ’ ಎಂದು ಮಕ್ಕಳಿಗೆ ಉಪದೇಶಿಸುತ್ತೇವಷ್ಟೆ. ಆ ರಾಮನ್ 1907ರಲ್ಲಿ ಎಂ.ಎ. ಮುಗಿಸಿ ಸೇರಿದ್ದು ಯಾವ ಪ್ರಯೋಗಾಲಯವನ್ನು? ಸರ್ಕಾರದ ಹಣಕಾಸು ಇಲಾಖೆಯನ್ನು! ಅಂದಿನ ದಿನದಲ್ಲಿ ಭಾರತೀಯನಿಗೆ ವಿಜ್ಞಾನದಿಂದ ಅನ್ನ ಹುಟ್ಟುವುದು ಕಷ್ಟವೆಂಬುದನ್ನು ಅವರು ಬಲ್ಲರು. ಹತ್ತು ವರ್ಷ ಲೆಕ್ಕಪತ್ರ ನೋಡುತ್ತ, ಬಿಡುವಿನಲ್ಲಿ ಪ್ರಯೋಗ ಮಾಡುತ್ತ, 1917ರಲ್ಲಿ ಕಲ್ಕತ್ತೆಯ ಪ್ರಾಧ್ಯಾಪಕ ಪೀಠ ದೊರೆತಾಗಲೇ ಆ ನೌಕರಿ ಬಿಟ್ಟರು. ಲೆಕ್ಕ ಹಾಕುವುದು ಪಾಪವಾದರೆ ಮೊದಲ ಪಾಪಿ ನಮ್ಮ ನೊಬೆಲ್ ಪುರಸ್ಕೃತರೇ.

ಇನ್ನೊಂದು ಉದಾಹರಣೆ ನೆರೆಮನೆಯದು. ಮಧುಗಿರಿಯ ಆಚೆಗಿರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಹುಡುಗನೊಬ್ಬ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ. ಅವನೇ ಮುಂದೆ ಡಾ. ಎಚ್. ನರಸಿಂಹಯ್ಯ, ಭೌತಶಾಸ್ತ್ರದ ಅಧ್ಯಾಪಕ, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿ. ಆ ನಡಿಗೆಯ ಕಥೆಯನ್ನು ಹೇಳದ ಭಾಷಣಕಾರನಿಲ್ಲ. ಓದು ಮುಗಿಸಿದ 1946ರಲ್ಲಿಯೇ ನ್ಯಾಷನಲ್ ಕಾಲೇಜು ಅವರಿಗೆ ಅಧ್ಯಾಪಕನ ಕುರ್ಚಿ ಕೊಟ್ಟಿತೆಂಬ ಭಾಗವನ್ನು ಮಾತ್ರ ಯಾರೂ ಹೇಳುವುದಿಲ್ಲ. ನಡೆಯುವ ಹುಡುಗರು ಈಗಲೂ ಇದ್ದಾರೆ. ಕುರ್ಚಿ ಎಲ್ಲಿ?

ಲೆಕ್ಕವನ್ನೇ ಬಿಚ್ಚಿ ನೋಡೋಣ. ಸರ್ಕಾರಿ ಕಾಲೇಜಿನ ಬಿ.ಎಸ್ಸಿ. ಶುಲ್ಕ ಹೊರಲಾರದ್ದೇನಲ್ಲ, ಹೆಣ್ಣುಮಕ್ಕಳಿಗಂತೂ ಬೋಧನಾಶುಲ್ಕವಿಲ್ಲ, 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಖರ್ಚಾಗುವುದು ಕಾಲ. ಪದವಿಗೆ ಮೂರು ವರ್ಷ. ಹೈಸ್ಕೂಲು ಮೇಷ್ಟ್ರಾಗಬೇಕೆಂದರೆ 2015ರಿಂದ ಬಿ.ಎಡ್.ಗೂ ಎರಡು ವರ್ಷ. ಪಿ.ಯು. ಉಪನ್ಯಾಸಕನಾಗಲು ಎಂ.ಎಸ್ಸಿ.ಯೂ ಬೇಕು, ಬಿ.ಎಡ್.ಉ ಬೇಕು, ಒಟ್ಟು ಏಳು. ಡಿಗ್ರಿ ಕಾಲೇಜಿಗೆ ಎಂ.ಎಸ್ಸಿ.ಯ ಮೇಲೆ ನೆಟ್ ಅಥವಾ ಕೆ-ಸೆಟ್. ಇಷ್ಟೆಲ್ಲ ದಾಟಿ ಬಂದವನಿಗೆ ಕಾದಿರುವುದು ಬಹಳ ಸಲ ‘ಅತಿಥಿ ಉಪನ್ಯಾಸಕ’ನೆಂಬ ಪಟ್ಟ. 2022ರ ಜನವರಿಯಲ್ಲಿ ಸರ್ಕಾರ ಆ ಗೌರವಧನವನ್ನು 26ರಿಂದ 32 ಸಾವಿರಕ್ಕೆ ಏರಿಸುವವರೆಗೆ ಅದು ತಿಂಗಳಿಗೆ 11ರಿಂದ 13 ಸಾವಿರವಷ್ಟೇ ಇತ್ತು. ವರ್ಷಗಟ್ಟಲೆ ಬಂದುಹೋಗುವವನನ್ನು ಅತಿಥಿಯೆಂದು ಕರೆಯುವ ಈ ಸತ್ಕಾರ ನಮ್ಮ ಸರ್ಕಾರಕ್ಕೇ ಮೀಸಲು.

ಹಾಗಾದರೆ ಇಂಜಿನಿಯರಿಂಗೇ ಲೇಸೆ? ಅಲ್ಲಿಯೂ ನಮ್ಮವರು ಜಮೆಯ ಪುಟವನ್ನು ಓದುತ್ತಾರೆಯೇ ಹೊರತು ಖರ್ಚಿನ ಪುಟವನ್ನು ತಿರುವುವುದಿಲ್ಲ. ಖಾಸಗಿ ಕಾಲೇಜಿನ ನಾಲ್ಕು ವರ್ಷವೆಂದರೆ ಲಕ್ಷಗಳ ಮಾತು. ಬೆಂಗಳೂರಿನಲ್ಲಿ ದೊಡ್ಡ ಸಂಬಳ ಹಿಡಿದ ಒಬ್ಬ ಹುಡುಗನ ಸುದ್ದಿ ಊರೆಲ್ಲ ಹಬ್ಬುತ್ತದೆ. ಸಾಲದ ಕಂತಿಗೆ ಸಾಲದ ಸಂಬಳ ತರುವವರ ಸುದ್ದಿ ಮನೆಯ ಹೊಸ್ತಿಲು ದಾಟುವುದಿಲ್ಲ.

ಆದರೆ ಭೌತಶಾಸ್ತ್ರದ ಖರ್ಚಿನಲ್ಲಿ ಯಾರೂ ಬರೆಯದ ಬಾಬೊಂದಿದೆ. ಕನ್ನಡ ಮೇಷ್ಟ್ರ ಗೊಡವೆ ಅದೇ. ನಮ್ಮ ಕಡೆಯ ಹುಡುಗ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿಯುತ್ತಾನೆ. ವೇಗೋತ್ಕರ್ಷ, ಸಂವೇಗ, ಜಡತ್ವ, ವಕ್ರೀಭವನ ಎಲ್ಲವೂ ಅವನಿಗೆ ಗೊತ್ತು. ನೀರಿಗಿಳಿಸಿದ ಕಡ್ಡಿ ಮುರಿದಂತೆ ಕಾಣುವುದೇಕೆಂದರೆ ಥಟ್ಟನೆ ಹೇಳಬಲ್ಲ. ಪಿ.ಯು.ಸಿ.ಗೆ ಕಾಲಿಟ್ಟ ದಿನ ಅದೇ ವಕ್ರೀಭವನ ‘ರಿಫ್ರ್ಯಾಕ್ಷನ್’ ಎಂಬ ವೇಷ ಹಾಕಿಕೊಂಡು ಎದುರು ನಿಲ್ಲುತ್ತದೆ. ‘ಇವನು ನಿನ್ನ ಹಳೆಯ ಪರಿಚಯದವನೇ ಕಣಪ್ಪ’ ಎಂದು ಹೇಳುವವರು ಯಾರೂ ಇಲ್ಲ. ಹೊಸಬನೆಂದೇ ಬಗೆದು ಹುಡುಗ ಮೊದಲಿನಿಂದ ಬಾಯಿಪಾಠ ಹೊಡೆಯುತ್ತಾನೆ. ಆರು ತಿಂಗಳಲ್ಲಿ ಫಿಸಿಕ್ಸು ತನ್ನ ತಲೆಗೆ ಹತ್ತದೆಂಬ ನಿರ್ಣಯಕ್ಕೆ ಬರುತ್ತಾನೆ. ಅವನು ಸೋತದ್ದು ಹೆಸರುಗಳಿಗೆ. ಅಂಕಪಟ್ಟಿ ಹೇಳುವುದು ಭೌತಶಾಸ್ತ್ರಕ್ಕೆಂದು.

ಇಂಥವರು ಬಿ.ಎ.ಗೆ ಬಂದು ನನ್ನ ತರಗತಿಯಲ್ಲಿ ಕೂಡುತ್ತಾರೆ. ಷಟ್ಪದಿಗೆ ಪ್ರಸ್ತಾರ ಹಾಕಿರೆಂದರೆ ಉಳಿದವರು ಲಘು ಗುರುಗಳಲ್ಲಿ ತಡವರಿಸುತ್ತಿರುವಾಗ ಮಾತ್ರೆಗಳನ್ನು ಕ್ಷಣದಲ್ಲಿ ಎಣಿಸಿ ಗಣ ಬಿಡಿಸಿಡುತ್ತಾರೆ. ಎಲ್ಲಿಗೋ ಹೊರಟ ಮಗು ತಪ್ಪು ಬಸ್ಸಿನಲ್ಲಿ ಇಲ್ಲಿ ಇಳಿದಿದೆಯೆಂದು ಆಗ ತಿಳಿಯುತ್ತದೆ. ಕನ್ನಡಕ್ಕೆ ಒಳ್ಳೆಯ ಶಿಷ್ಯ ಸಿಕ್ಕನೆಂದು ಸಂತೋಷಪಡಲು ಮನಸ್ಸಾಗುವುದಿಲ್ಲ. ಕೆಲವು ನೂರು ಪದಗಳ ಒಂದು ದ್ವಿಭಾಷಾ ಕೈಪಿಡಿ, ಮೊದಲ ಒಂದೆರಡು ತಿಂಗಳು ಎರಡೂ ಭಾಷೆಗಳಲ್ಲಿ ಪಾಠ. ಇಷ್ಟಕ್ಕೆ ಎಷ್ಟು ಕೋಟಿ ಬೇಕು?

ಭೌತಶಾಸ್ತ್ರಕ್ಕೆ ಈ ಸೀಮೆಯಲ್ಲಿ ಕೆಲಸವಿಲ್ಲವೆನ್ನುವವರು ಪಾವಗಡದ ತಿರುಮಣಿಗೆ ಹೋಗಿ ಬರಲಿ. ಸುಮಾರು 13,000 ಎಕರೆ ಭೂಮಿ, 2,050 ಮೆಗಾವಾಟ್ ಸೌರವಿದ್ಯುತ್ತು. ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗೇಣಿ. ಅಲ್ಲಿನ ಪ್ರತಿಯೊಂದು ಹಲಗೆಯೂ ಬಿ.ಎಸ್ಸಿ. ತರಗತಿಯಲ್ಲಿ ಓದುವ ಪಿ-ಎನ್ ಸಂಧಿಯೇ. ಆದರೆ ಭೂಮಿ ಕೊಟ್ಟ ಹಳ್ಳಿಗಳವರ ಪಾಲಿಗೆ ಹೆಚ್ಚಾಗಿ ಬಂದದ್ದು ಹುಲ್ಲು ಕೀಳುವ, ಹಲಗೆ ತೊಳೆಯುವ, ಕಾವಲು ಕಾಯುವ ಕೆಲಸ. ಗುಬ್ಬಿಯಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಬಂತು. ಹಿರಿಯೂರಿನಾಚೆಯ ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ವಿಜ್ಞಾನ ನಮ್ಮ ಹೊಲಕ್ಕೇ ಬಂದು ಕುಳಿತಿರುವಾಗ, ಅದನ್ನು ಕಲಿತ ನಮ್ಮ ಮಕ್ಕಳೇ ಅಲ್ಲಿಲ್ಲದಿದ್ದರೆ ಅದು ಯಾರ ಲೆಕ್ಕದ ತಪ್ಪು?

ಹಾಗಾದರೆ ಆ ರೈತನಿಗೆ ಏನು ಹೇಳುವುದು? ನಿಜ ಹೇಳುವುದು. ಬಿ.ಎಸ್ಸಿ.ಗೇ ನಿಲ್ಲಿಸುವುದಾದರೆ ಭೌತಶಾಸ್ತ್ರದ ಹೆಸರಿನಲ್ಲಿ ಗಿಟ್ಟುವುದು ಕಡಿಮೆ. ಆಮೇಲೆ ಬ್ಯಾಂಕೋ ಕಂಪ್ಯೂಟರೋ ಕೈಹಿಡಿಯಬೇಕು. ಇನ್ನೂ ಎರಡು ನಾಲ್ಕು ವರ್ಷ ಮಗ ದುಡಿಯದಿದ್ದರೂ ಮನೆ ತಡೆದೀತೆಂದರೆ ಧೈರ್ಯವಾಗಿ ಸೇರಿಸಬಹುದು. ಮೇಷ್ಟ್ರಾಗುವ ಮನಸ್ಸಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿಯೂ ಬಿ.ಎಡ್.ಉ ಕೂಡಿದ ನಾಲ್ಕು ವರ್ಷದ ಓದಿದೆ. ಒಂದು ವರ್ಷ ಉಳಿಯುತ್ತದೆ. ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಆದರೆ ಅದು ಮಂಡಳಿ ಪರೀಕ್ಷೆಯಲ್ಲಿ ನೂರಕ್ಕೊಬ್ಬನಂತೆ ಮುಂದಿರುವವರಿಗೆ.

ಸರ್ಕಾರಕ್ಕೆ ಹೇಳುವುದು ಇಷ್ಟೆ. ಪಿ.ಯು. ಮತ್ತು ಡಿಗ್ರಿ ಕಾಲೇಜುಗಳಲ್ಲಿ ಭೌತಶಾಸ್ತ್ರದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಅತಿಥಿಗಳಿಂದ ನಡೆಯುತ್ತಿರುವುದೆಷ್ಟು ಎಂಬುದನ್ನು ತಾಲ್ಲೂಕುವಾರು ಕನ್ನಡದಲ್ಲಿ ಅಚ್ಚುಹಾಕಿಸಿ, ಪ್ರವೇಶದ ಅರ್ಜಿಯ ಜೊತೆಗೇ ಆ ರೈತನ ಕೈಗೆ ಕೊಡಲಿ. ಕೂಡಿ ಕಳೆಯುವುದು ಅವನಿಗೆ ಬರುತ್ತದೆ.