ಇಂಕ್ ಪೆನ್ನು ಕೊಳ್ಳುವ ಮುನ್ನ

ಜೂನ್ ತಿಂಗಳು ಬಂತೆಂದರೆ ನಂಜನಗೂಡಿನಲ್ಲಾಗಲಿ, ಟಿ. ನರಸೀಪುರದಲ್ಲಾಗಲಿ ಪುಸ್ತಕದಂಗಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ನೋಟ್ ಪುಸ್ತಕ, ಬೈಂಡ್ ಹಾಕುವ ಕಾಗದ, ಲೇಬಲ್ಲು, ಜಾಮಿಟ್ರಿ ಪೆಟ್ಟಿಗೆ ಎಲ್ಲ ಮುಗಿದ ಮೇಲೆ ಕಡೆಗೆ ಬರುವುದು ಪೆನ್ನಿನ ಸರದಿ. ಐದು ಹತ್ತು ರೂಪಾಯಿಯ ಬಾಲ್ ಪೆನ್ನಾದರೆ ಯಾರೂ ಯೋಚಿಸುವುದಿಲ್ಲ. ‘ಅಕ್ಷರ ತಿದ್ದಬೇಕು, ಇಂಕ್ ಪೆನ್ನಿನಲ್ಲಿ ಬರೆಸಿ’ ಎಂದು ಶಾಲೆಯಿಂದ ಮಾತು ಬಂದಾಗ ಮಾತ್ರ ತಂದೆ ತಾಯಿಗೆ ಪೀಕಲಾಟ. ಗಾಜಿನ ಪೆಟ್ಟಿಗೆಯೊಳಗೆ ಐವತ್ತು ರೂಪಾಯಿಯದೂ ಇದೆ, ಸಾವಿರಾರು ರೂಪಾಯಿಯದೂ ಇದೆ. ಅಗ್ಗದ್ದು ಕೊಂಡರೆ ಸೋರೀತು ಎಂಬ ಭಯ, ದುಬಾರಿಯದು ಕೊಂಡರೆ ಮಗು ಕಳೆದೀತು ಎಂಬ ಭಯ. ಹೀಗಾಗಿ ಬಹುಮಂದಿ ಇನ್ನೂರರಿಂದ ಸಾವಿರ ರೂಪಾಯಿಯೊಳಗಿನ ನಡುಬೆಲೆಯ ಪೆನ್ನಿಗೆ ಕೈಹಾಕುತ್ತಾರೆ. ಅಲ್ಲಿಯೂ ಹತ್ತು ಬಗೆ. ಯಾವುದು ಸರಿ?

ಮೊದಲು ಒಂದು ವಿಷಯ ಗೊತ್ತಿರಬೇಕು. ಈ ನಡುಬೆಲೆಯ ಪೆನ್ನುಗಳ ನಿಬ್ಬು ಬಹುಪಾಲು ಒಂದೇ ಲೋಹದ್ದು: ತುಕ್ಕು ಹಿಡಿಯದ ಉಕ್ಕು, ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಮೇಲೆ ಹಳದಿ ಬಣ್ಣ ಕಂಡರೆ ಅದು ಬರಿಯ ಲೇಪ. ನಿಜವಾದ ಚಿನ್ನದ ನಿಬ್ಬು ಈ ಬೆಲೆಗೆ ಬರುವುದಿಲ್ಲ, ಶಾಲೆಯ ಮಕ್ಕಳಿಗೆ ಅದರ ಅಗತ್ಯವೂ ಇಲ್ಲ. ಹಾಗಾದರೆ ಇನ್ನೂರರ ಪೆನ್ನಿಗೂ ಎಂಟುನೂರರ ಪೆನ್ನಿಗೂ ಇರುವ ಅಂತರಕ್ಕೆ ಎಲ್ಲಿ ದುಡ್ಡು ಹೋಗುತ್ತದೆ? ಒಂದಿಷ್ಟು ಲೋಹದ ಮೈಗೆ, ಒಂದಿಷ್ಟು ಕ್ಲಿಪ್ಪಿಗೆ, ಒಂದಿಷ್ಟು ಮಖಮಲ್ಲಿನ ಡಬ್ಬಿಗೆ, ಉಳಿದದ್ದು ಹೆಸರಿಗೆ. ತಯಾರಿಕೆಯ ಅಚ್ಚುಕಟ್ಟುತನಕ್ಕೂ ಒಂದು ಪಾಲು ಹೋಗುತ್ತದೆ ಎಂಬುದು ನಿಜ. ಆದರೆ ಆ ಅಚ್ಚುಕಟ್ಟುತನ ಕೈಗೆ ಬಂದಿರುವ ಪೆನ್ನಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಬೆಲೆಯ ಚೀಟಿ ಹೇಳುವುದಿಲ್ಲ. ಬರೆದು ನೋಡಬೇಕು.

ಬರೆದು ನೋಡುವುದೆಂದರೆ ಅಂಗಡಿಯಲ್ಲಿ ಕೊಟ್ಟ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಹಿ ಎಳೆಯುವುದಲ್ಲ. ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದರೆ ಕನ್ನಡವನ್ನೇ ಬರೆಯಬೇಕು. ನಮ್ಮ ಅಕ್ಷರಗಳು ಗುಂಡಗಿವೆ, ಕೆಳಗೆ ಒತ್ತಕ್ಷರ, ಪಕ್ಕದಲ್ಲಿ ದೀರ್ಘ, ಒಳಗೆ ಚುಕ್ಕೆ. ‘ದ’ಕ್ಕೂ ಹೊಟ್ಟೆ ಸೀಳಿದ ‘ಧ’ಕ್ಕೂ, ‘ರ’ಕ್ಕೂ ‘ಠ’ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು ಅಥವಾ ಒಂದು ಚುಕ್ಕೆ ಮಾತ್ರ. ನಿಬ್ಬು ದಪ್ಪವಾದರೆ ಆ ಸೀಳು ಮುಚ್ಚಿಹೋಗುತ್ತದೆ, ‘ಠ’ದ ಹೊಟ್ಟೆ ತುಂಬಿ ಮಸಿಯ ಗುಳ್ಳೆಯಾಗುತ್ತದೆ. ಉತ್ತರ ಪತ್ರಿಕೆ ತಿದ್ದುವವರು ಕಣ್ಣು ಕಿರಿದು ಮಾಡಿ ಊಹಿಸಲಿ ಎಂದು ಬಿಡುವುದು ಜಾಣತನವಲ್ಲ. ಆದ್ದರಿಂದ ಕನ್ನಡಕ್ಕೆ ಸಣ್ಣ ನಿಬ್ಬು, ಅಂದರೆ ‘ಎಫ್’ ಗುರುತಿನ ಫೈನ್ ನಿಬ್ಬು ಒಳ್ಳೆಯದು. ಇದರಲ್ಲೂ ಒಂದು ತೊಡಕಿದೆ. ಜಪಾನಿನ ಪೈಲಟ್‌ನಂಥ ಕಂಪನಿಗಳ ‘ಎಫ್’ ಗೆರೆ, ಜರ್ಮನಿಯ ಲ್ಯಾಮಿಯಂಥ ಯುರೋಪಿನ ಪೆನ್ನುಗಳ ‘ಎಫ್’ ಗೆರೆಗಿಂತ ಸಣ್ಣ. ಗುರುತಿನ ಅಕ್ಷರ ಒಂದೇ ಇರುತ್ತದೆ, ಗೆರೆಯ ದಪ್ಪ ಬೇರೆ.

ಪರೀಕ್ಷೆಗೆ ಊರಿನ ಹೆಸರುಗಳೇ ಸಾಕು. ‘ಶ್ರೀಕಂಠೇಶ್ವರ’ ಎಂದು ನೋಟ್ ಪುಸ್ತಕದ ಗೆರೆಯೊಳಗೆ, ಮಗು ದಿನವೂ ಬರೆಯುವ ಗಾತ್ರದಲ್ಲಿ ಬರೆಯಲಿ. ಶ್ರೀಯ ಒತ್ತು, ‘ಠೇ’ಯ ಚುಕ್ಕೆ, ‘ಶ್ವ’ದ ವ ಒತ್ತು ಬಿಡಿಬಿಡಿಯಾಗಿ ಕಾಣಬೇಕು. ‘ತಿರುಮಕೂಡಲು ನರಸೀಪುರ’ ಎಂದು ಕೈ ಎತ್ತದೆ ವೇಗವಾಗಿ ಐದು ಸಲ ಬರೆದರೆ ನಡುವೆ ಎಲ್ಲೂ ಗೆರೆ ತಪ್ಪಬಾರದು. ಮುಖ್ಯವಾದ ಮಾತೆಂದರೆ ಒತ್ತಬಾರದು. ಬಾಲ್ ಪೆನ್ನಿಗೆ ಗುಂಡು ಉರುಳಲು ಒತ್ತಡ ಬೇಕು, ಇಂಕ್ ಪೆನ್ನಿಗೆ ಅದರದೇ ತೂಕ ಸಾಕು. ಒತ್ತಿದರೆ ಮಾತ್ರ ಬರೆಯುವ ಇಂಕ್ ಪೆನ್ನು ಎಷ್ಟೇ ಬೆಲೆಯದಾದರೂ ಹಿಂದಕ್ಕೆ ಕೊಡತಕ್ಕದ್ದು. ಎಸ್.ಎಸ್.ಎಲ್.ಸಿ.ಯ ಮೂರು ಗಂಟೆಯ ಬರವಣಿಗೆಯಲ್ಲಿ ಹೆಬ್ಬೆರಳು ಮರಗಟ್ಟುವುದು ಬಹುಮಟ್ಟಿಗೆ ಈ ಒತ್ತುವ ಅಭ್ಯಾಸದಿಂದ.

ಟಿ. ನರಸೀಪುರದ ಹೈಸ್ಕೂಲೊಂದಕ್ಕೆ ತಲಕಾಡಿನ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳ ಪ್ರಸಂಗ ಇಲ್ಲಿ ಹೇಳಬೇಕು. ಅವಳು ಎಡಚಿ. ಎಡದಿಂದ ಬಲಕ್ಕೆ ಬರೆಯುವಾಗ ಅವಳ ಕೈ ಆಗತಾನೆ ಬರೆದ ಹಸಿ ಸಾಲಿನ ಮೇಲೇ ಹಾದುಹೋಗುತ್ತಿತ್ತು. ನೋಟ್ ಪುಸ್ತಕದ ತುಂಬ ನೀಲಿ ಬರೆ, ಅಂಗೈಯ ಅಂಚೆಲ್ಲ ಮಸಿ. ಕೊಳಕು ಬರವಣಿಗೆ ಎಂದು ಬೈಸಿಕೊಂಡು ಬೈಸಿಕೊಂಡು ಕಡೆಗೆ ಅವಳು ಪುಸ್ತಕವನ್ನು ತಿದ್ದಲು ಕೊಡುವುದನ್ನೇ ಬಿಟ್ಟಳು. ಒಳ್ಳೆಯ ಪೆನ್ನಾದರೆ ಸರಿಹೋದೀತೆಂದು ತಂದೆ ಏಳುನೂರು ರೂಪಾಯಿ ಕೊಟ್ಟು ಹೊಳೆಯುವ ಪೆನ್ನು ತಂದರು. ಅದು ಮಧ್ಯಮ ನಿಬ್ಬಿನದು, ಶಾಯಿ ಧಾರಾಳವಾಗಿ ಇಳಿಸುವಂಥದ್ದು. ಸ್ಥಿತಿ ಇನ್ನೂ ಕೆಟ್ಟಿತು.

‘ಪೆನ್ನಿಗೆ ಏಳುನೂರು ಕೊಟ್ಟೆ ಕಣವ್ವ, ಇನ್ನೂ ಮಸಿ ಮೆತ್ಕೊಂಡೇ ಬತ್ತೀಯಲ್ಲ.’

‘ನಾನೇನ್ ಮಾಡ್ಲಪ್ಪ, ಕೈಯಿ ಬರೆದಿದ್ರ ಮೇಲೇ ಓಡಾಡ್ತದೆ.’

ಇಬ್ಬರೂ ಪೆನ್ನನ್ನು ಹಿಡಿದು ಅಂಗಡಿಗೆ ಬಂದಾಗ ಅಂಗಡಿಯ ಹಿರಿಯರು ಹುಡುಗಿಯ ಕೈಯಲ್ಲೇ ನಾಲ್ಕು ಸಾಲು ಬರೆಸಿ ನೋಡಿದರು. ‘ಯಜಮಾನ್ರೇ, ಪೆನ್ನಲ್ಲೂ ದೋಷ ಇಲ್ಲ, ಮಗೂನಲ್ಲೂ ಇಲ್ಲ. ಈ ಕೈಗೆ ಈ ನಿಬ್ಬು ದಪ್ಪ ಆಯ್ತು’ ಎಂದರು. ಸಣ್ಣ ನಿಬ್ಬಿನ, ಶಾಯಿ ಮಿತವಾಗಿ ಇಳಿಸುವ ಇನ್ನೂರು ರೂಪಾಯಿಯೊಳಗಿನ ಇನ್ನೊಂದು ಪೆನ್ನು ಕೊಟ್ಟರು. ಪುಸ್ತಕವನ್ನು ಸ್ವಲ್ಪ ಬಲಕ್ಕೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಓರೆ ಮಾಡಿಟ್ಟು, ಕೈಯನ್ನು ಸಾಲಿನ ಕೆಳಗೆ ಇಟ್ಟು ಬರೆಯುವುದನ್ನು ತೋರಿಸಿದರು. ಶಾಯಿ ತುಂಬಿದ ಪೆನ್ನನ್ನು ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಏಳುನೂರರ ಪೆನ್ನು ಈಗ ತಂದೆಯ ಜೇಬಿನಲ್ಲಿದೆ. ಹಾಲಿನ ಡೈರಿಯ ಲೆಕ್ಕ ಬರೆಯಲು ಬಳಕೆಯಾಗುತ್ತಿದೆ. ಹುಡುಗಿ ಪುಸ್ತಕ ತಿದ್ದಲು ಕೊಡುತ್ತಿದ್ದಾಳೆ. ಎಡಗೈಯವರು ನಿಬ್ಬನ್ನು ಎಳೆಯುವುದಕ್ಕಿಂತ ಹೆಚ್ಚಾಗಿ ಮುಂದಕ್ಕೆ ತಳ್ಳುತ್ತಾರೆ. ಆದ್ದರಿಂದ ಅವರಿಗೆ ಸೂಜಿಯಂತೆ ಚುಚ್ಚುವ ತೀರ ಚೂಪು ನಿಬ್ಬೂ ಆಗದು, ತುದಿ ನುಣ್ಣಗಿರಬೇಕು. ‘ಎಡಗೈ ಬಿಡು, ಬಲಗೈಯಲ್ಲಿ ಬರಿ’ ಎಂದು ಮಗುವನ್ನು ಹೆದರಿಸುವುದು ಮಾತ್ರ ಸರ್ವಥಾ ಕೂಡದು. ಬದಲಾಗಬೇಕಾದ್ದು ನಿಬ್ಬು.

ಇನ್ನು ಸೋರುವ ವಿಚಾರ. ನಿಬ್ಬಿನ ಕೆಳಗೆ ಅಂಟಿಕೊಂಡಂತೆ ಇರುವ ಕಪ್ಪು ನಾಲಿಗೆಯನ್ನು ಎಲ್ಲರೂ ನೋಡಿರುತ್ತಾರೆ, ಯಾರೂ ಗಮನಿಸಿರುವುದಿಲ್ಲ. ಕಂಪನಿಗಳ ಭಾಷೆಯಲ್ಲಿ ಅದು ಫೀಡ್. ಪೆನ್ನಿನ ವಿಜ್ಞಾನವೆಲ್ಲ ಇರುವುದು ಅಲ್ಲಿ. ಅದರ ಮೇಲೆ ಕೂದಲೆಳೆಯಂಥ ಸೀಳುಗಳಿವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಕೇಶಾಕರ್ಷಣೆಯಿಂದ ಶಾಯಿ ಆ ಸೀಳುಗಳಲ್ಲಿ ಹರಿದು ನಿಬ್ಬಿನ ತುದಿಗೆ ಬರುತ್ತದೆ. ಹೊರಗೆ ಹೋದಷ್ಟು ಶಾಯಿಯ ಜಾಗಕ್ಕೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಪೆನ್ನು ನಿಂತುಬಿಡುತ್ತದೆ. ಈ ಕೊಡುಕೊಳ್ಳುವಿಕೆಯನ್ನು ಹದಕ್ಕೆ ತಂದ ಫೀಡಿಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದರು. ವಿಮೆಯ ಕರಾರಿನ ಮೇಲೆ ಪೆನ್ನು ಮಸಿ ಕಕ್ಕಿದ್ದರಿಂದ ಗಿರಾಕಿ ಕೈತಪ್ಪಿ, ಆ ಸಿಟ್ಟಿನಲ್ಲಿ ಅವರು ಹೊಸ ಪೆನ್ನು ಮಾಡಿದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಜಾಹೀರಾತಿಗೆ ಹೇಳಿ ಮಾಡಿಸಿದಂಥ ಕಥೆ, ನಂಬುವುದು ಕಷ್ಟ.

ಒಳಗಿನ ಗಾಳಿ ಬಿಸಿಯಾದರೆ ಹಿಗ್ಗುತ್ತದೆ ಎಂಬುದು ಮಕ್ಕಳಿಗೆ ಪಾಠದಲ್ಲಿ ಗೊತ್ತು. ಅದನ್ನು ಜೇಬಿನ ಪೆನ್ನಿಗೆ ಅನ್ವಯಿಸಿ ನೋಡಬೇಕು. ಡ್ರಾಪರಿನಲ್ಲಿ ಶಾಯಿ ತುಂಬುವ ದೊಡ್ಡ ಹೊಟ್ಟೆಯ ಪೆನ್ನಿನಲ್ಲಿ ಶಾಯಿ ಮುಗಿಯುತ್ತ ಬಂದು 2 ಮಿಲಿ ಲೀಟರ್ ಗಾಳಿ ಇದೆಯೆನ್ನಿ. ಮೈಯ ಬಿಸಿಗೆ ಅದು 10 ಡಿಗ್ರಿ ಕಾದರೆ ಮೂವತ್ತರಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಅಂದರೆ ಒಂದು ಹನಿಗಿಂತ ಸ್ವಲ್ಪ ಹೆಚ್ಚು ಶಾಯಿ ಹೊರಗೆ ತಳ್ಳಲ್ಪಡುತ್ತದೆ. ಅಂಗಿಯ ಜೇಬಿನ ನೀಲಿ ಕಲೆಯ ರಹಸ್ಯ ಇದೇ. ಫೀಡಿನ ಅಡಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಎಲೆಗಳಿದ್ದರೆ ಹೀಗೆ ಹೆಚ್ಚಾಗಿ ಬಂದ ಶಾಯಿಯನ್ನು ಅವು ತಡೆದು ಹಿಡಿದುಕೊಳ್ಳುತ್ತವೆ. ನಡುಬೆಲೆಯ ಪೆನ್ನಿಗೆ ಹೆಚ್ಚು ದುಡ್ಡು ಕೊಡುವುದು ಸಾರ್ಥಕವಾಗುವುದಿದ್ದರೆ ಒಳ್ಳೆಯ ಫೀಡಿಗಾಗಿ. ಶಾಯಿಯ ಕೊಳವೆ ಚಿಕ್ಕದಾಗಿದ್ದರೆ ಒಳಗಿನ ಗಾಳಿಯೂ ಕಡಿಮೆ, ಕಕ್ಕುವ ಭಯವೂ ಕಡಿಮೆ.

ನಂಜನಗೂಡಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಶಾಲೆಯ ಪ್ರವಾಸ ಹೋಗುವುದು ವಾಡಿಕೆ. ಊಟಿ ಸಮುದ್ರ ಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಘಟ್ಟ ಹತ್ತಿದಂತೆ ಹೊರಗಿನ ಒತ್ತಡ ಇಳಿದು ಪೆನ್ನಿನೊಳಗಿನ ಗಾಳಿ ಐದರಲ್ಲಿ ಒಂದು ಪಾಲಿನಷ್ಟು ಹಿಗ್ಗಲು ಹವಣಿಸುತ್ತದೆ. ಅರ್ಧ ಖಾಲಿಯಾದ ಪೆನ್ನಿನಲ್ಲಿ 1 ಮಿಲಿ ಲೀಟರ್ ಗಾಳಿ ಇದ್ದರೆ ನಾಲ್ಕು ಹನಿ ಶಾಯಿ ಜೇಬಿಗೆ. ಪ್ರವಾಸಕ್ಕೆ ಮುನ್ನ ಪೆನ್ನನ್ನು ಪೂರ್ತಿ ತುಂಬಬೇಕು, ಇಲ್ಲವೇ ಪೂರ್ತಿ ಖಾಲಿ ಮಾಡಬೇಕು, ಎರಡರಲ್ಲೂ ನಿಬ್ಬು ಮೇಲಾಗಿರಬೇಕು.

ಶಾಯಿ ತುಂಬುವ ಬಗೆ ಊರಿಗೆ ತಕ್ಕಂತಿರಬೇಕು. ಬಿಸಾಡುವ ಕಾರ್ಟ್ರಿಜ್ ಹಾಕುವ ಪೆನ್ನು ನೋಡಲು ಸಲೀಸು. ಆದರೆ ಪಾರ್ಕರ್, ಲ್ಯಾಮಿ, ಪೈಲಟ್ ಒಂದೊಂದಕ್ಕೂ ಅದರದೇ ಕಾರ್ಟ್ರಿಜ್, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಅದು ತಾಲ್ಲೂಕು ಕೇಂದ್ರದಲ್ಲಿ ಸಿಗದೆ ಹೋದರೆ ಒಂದು ಕಾರ್ಟ್ರಿಜ್ಜಿಗಾಗಿ ಮೈಸೂರಿನ ಬಸ್ಸು ಹತ್ತಬೇಕಾದೀತು. ಬಸ್ ಚಾರ್ಜೇ ಶಾಯಿಯ ಬೆಲೆಯನ್ನು ಮೀರೀತು. ಬಾಟಲಿಯಿಂದ ಶಾಯಿ ಹೀರುವ ಕನ್ವರ್ಟರ್ ಪೆನ್ನಿನ ಜೊತೆಗೇ ಇದೆಯೇ, ಬೇರೆ ಕೊಳ್ಳಬೇಕೇ ಎಂದು ಡಬ್ಬಿ ಬಿಚ್ಚಿಸಿ ಕೇಳುವುದು ಲೇಸು. ಇದನ್ನು ಕೇಳದೆ ಕೊಂಡವರಿಗೆ ಪೆನ್ನಿನ ನಿಜವಾದ ಬೆಲೆ ತಿಳಿಯುವುದು ಮೊದಲ ಕಾರ್ಟ್ರಿಜ್ ಮುಗಿದ ಮೇಲೆ. 60 ಮಿಲಿ ಲೀಟರಿನ ಶಾಯಿ ಬಾಟಲಿ, 0.7 ಮಿಲಿ ಲೀಟರ್ ಹಿಡಿಸುವ ಕನ್ವರ್ಟರಿಗೆ 85 ಸಲ ಬರುತ್ತದೆ. ಒಂದು ಸಲ ತುಂಬಿಸಿದರೆ ಎಷ್ಟು ಪುಟ ಬರೆಯಬಹುದೆಂದು ವಿದ್ಯಾರ್ಥಿಗಳು ತಾವೇ ಎಣಿಸಿ ಒಂದು ಪುಟದ ಖರ್ಚು ಲೆಕ್ಕ ಹಾಕಬಹುದು.

ಮೈಸೂರು ಸೀಮೆಯಲ್ಲಿ ಶಾಯಿ ಎಂದೊಡನೆ ನೆನಪಾಗುವುದು 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುತ್ತ ಬಂದಿರುವ ಮೈಸೂರಿನ ಅಳಿಸಲಾಗದ ಶಾಯಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಪೆನ್ನಿನ ಶಾಯಿಯ ಗುಣ ಇದಕ್ಕೆ ಸರಿಯಾಗಿ ತಿರುವುಮುರುವು ಇರಬೇಕು: ಒಣಗಿದರೂ ನೀರು ತಾಗಿದರೆ ಮತ್ತೆ ಕರಗಬೇಕು, ಇಲ್ಲದಿದ್ದರೆ ಫೀಡಿನ ಸೀಳುಗಳು ಕಟ್ಟಿಕೊಳ್ಳುತ್ತವೆ. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಹೊಳೆಯುತ್ತದೆಂದು ಪೆನ್ನಿಗೆ ತುಂಬಿ ಪೆನ್ನನ್ನೇ ಕೊಂದ ಹುಡುಗರಿದ್ದಾರೆ. ಬ್ರಿಲ್, ಕ್ಯಾಮ್ಲಿನ್‌ನಂಥ ಸಾಮಾನ್ಯ ನೀಲಿ ಶಾಯಿ ಧಾರಾಳ ಸಾಕು. ತಿಂಗಳಿಗೊಮ್ಮೆ ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ನೆನೆಸಿ ತೊಳೆದರೆ ಅರ್ಧದಷ್ಟು ರಿಪೇರಿ ಉಳಿಯುತ್ತದೆ. ಬಿಸಿನೀರು ಬೇಡ.

ಅಂಗಡಿಯಲ್ಲಿ ಯಾರೂ ಪರೀಕ್ಷಿಸದ ಭಾಗವೆಂದರೆ ಮುಚ್ಚಳ. ಮಾರ್ಚ್–ಏಪ್ರಿಲ್‌ನ ಒಣಹವೆಯಲ್ಲಿ ನಿಬ್ಬಿನ ತುದಿಯ ಶಾಯಿ ಬೇಗ ಆರುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷವೂ ಮುಚ್ಚಳ ತೆಗೆದೇ ಇಟ್ಟುಕೊಂಡರೆ ಮೊದಲ ಉತ್ತರಕ್ಕೇ ಪೆನ್ನು ಮುಷ್ಕರ ಹೂಡುತ್ತದೆ. ಮುಚ್ಚಳ ಹಾಕಿಟ್ಟ ಪೆನ್ನು ಎರಡು ದಿನದ ನಂತರ ಒದರದೆಯೇ ಬರೆದರೆ ಮುಚ್ಚಳ ಚೆನ್ನಾಗಿದೆ ಎಂದರ್ಥ. ಹೀರೋ 616ರಂತೆ ನಿಬ್ಬಿನ ಬಹುಭಾಗ ಮುಚ್ಚಿಕೊಂಡಿರುವ ಪೆನ್ನುಗಳಲ್ಲಿ ಶಾಯಿ ನಿಧಾನವಾಗಿ ಆರುತ್ತದೆ, ನಡುನಡುವೆ ಯೋಚಿಸಿ ಬರೆಯುವ ಮಕ್ಕಳಿಗೆ ಅವು ಅನುಕೂಲ. ಪಾರ್ಕರ್ ವೆಕ್ಟರಿನಂಥ ತೆಳು ಮೈಯ ಪೆನ್ನು ಸಣ್ಣ ಬೆರಳುಗಳಿಗೆ ಸರಿ. ದೊಡ್ಡ ಕೈಯ ಹುಡುಗರು ಅದನ್ನು ಬಿಗಿಯಾಗಿ ಹಿಡಿಯಬೇಕಾಗಿ ಬೇಗ ದಣಿಯಬಹುದು.

ಇಂಕ್ ಪೆನ್ನು ಎಲ್ಲಕ್ಕೂ ಅಲ್ಲ. ಸಿ.ಇ.ಟಿ., ನೀಟ್‌ನಂಥ ಪರೀಕ್ಷೆಗಳ ಓ.ಎಂ.ಆರ್. ಹಾಳೆಯ ವೃತ್ತ ತುಂಬಲು ಬಾಲ್ ಪೆನ್ನೇ ಬೇಕು. ಉತ್ತರ ಪತ್ರಿಕೆಯ ಕಾಗದವೂ ವಿದ್ಯಾರ್ಥಿಯ ಆಯ್ಕೆಯದಲ್ಲ. ಕೆಲವು ಕಾಗದ ಶಾಯಿಯನ್ನು ಹೀರಿ ಗೆರೆಯ ಸುತ್ತ ಕೂದಲು ಬಿಟ್ಟಂತೆ ಹರಡಿಸುತ್ತದೆ, ಹಿಂಬದಿಗೂ ಇಳಿಸುತ್ತದೆ. ಕಿರುಪರೀಕ್ಷೆ, ಅರ್ಧವಾರ್ಷಿಕ ಪರೀಕ್ಷೆಗಳಲ್ಲಿ ಒರಟು ಕಾಗದದ ಮೇಲೆ ಬರೆದು ಅಭ್ಯಾಸವಾಗಿದ್ದರೆ ಆಗ ಗಾಬರಿಯಿಲ್ಲ.

ನಂಜನಗೂಡಿನ ದೊಡ್ಡ ಜಾತ್ರೆ ಬರುವುದೂ ವಾರ್ಷಿಕ ಪರೀಕ್ಷೆ ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಾಲ್ ಟಿಕೆಟ್ ಕೈಗೆ ಬಂದ ಸಂಭ್ರಮದಲ್ಲಿ ಅಜ್ಜನೋ ಸೋದರಮಾವನೋ ಹೊಸ ಪೆನ್ನು ಕೊಡಿಸುವುದುಂಟು. ಪ್ರೀತಿಯ ಉಡುಗೊರೆ, ಬೇಡವೆನ್ನುವಂತಿಲ್ಲ. ಅದು ಡಬ್ಬಿಯಲ್ಲೇ ಇದ್ದು ರಜೆಯಲ್ಲಿ ಹೊರಬರಲಿ. ಪರೀಕ್ಷೆಯ ಹಾಲಿಗೆ ಹೋಗಬೇಕಾದ್ದು ಜೂನ್‌ನಿಂದ ಅದೇ ಕೈಯಲ್ಲಿ ಪಳಗಿದ ಹಳೆಯ ಪೆನ್ನು, ಹಿಂದಿನ ರಾತ್ರಿಯೇ ತುಂಬಿ ಒರೆಸಿಟ್ಟದ್ದು. ಜೊತೆಗೆ ಅದೇ ಬಣ್ಣದ ಶಾಯಿಯ ಇನ್ನೊಂದು, ಮತ್ತು ಕೈ ಒರೆಸಿಕೊಳ್ಳಲು ಒಂದು ಹಳೆಯ ಹತ್ತಿಬಟ್ಟೆಯ ತುಂಡು.