ಮುಪ್ಪಿನಲ್ಲಿ ಹೊರಟ ದಂಪತಿ



ಅರವತ್ತು ತುಂಬಿದವರನ್ನು ಕಂಡರೆ ನಾವೆಲ್ಲರೂ ಹೇಳುವ ಮಾತು ಒಂದೇ: "ಇನ್ನು ನಿಮಗ್ಯಾಕೆ ಕಷ್ಟ, ಸುಮ್ಮನೆ ಕೂತ್ಕೊಳ್ಳಿ." ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ತೋಟದ ಕೆಲಸದವರಿಗೆ ಸುಮ್ಮನೆ ಕೂರುವ ಜಾಗ ಎಲ್ಲಿದೆ? ಮಸ್ಟರಿನಿಂದ ಹೆಸರು ತೆಗೆದ ಮೇಲೆ ಲೈನ್ ಮನೆಯೂ ನಮ್ಮದಲ್ಲ. ಗ್ರಾಚ್ಯುಟಿ, ಪಿ.ಎಫ್. ಹಣ ಕೈಗೆ ಬಂದಷ್ಟೇ ಬೇಗ ಮಗಳ ಮದುವೆಗೋ ಹಳೆಯ ಸಾಲಕ್ಕೋ ಹೋಗುತ್ತದೆ. ಆಮೇಲೆ ಗಂಡ ಹೆಂಡತಿ ಒಬ್ಬೊಬ್ಬ ಮಕ್ಕಳ ಮನೆಯಲ್ಲಿ ಒಂದೊಂದು ತಿಂಗಳು. ಇದು ನಮಗೆಲ್ಲ ತಿಳಿದ ಸಂಗತಿ.

ಈ ವಯಸ್ಸಿನ ದಂಪತಿಗಳನ್ನು ದೇವರ ಸೇವೆಗೆಂದು ಒಂದೆರಡು ವರ್ಷ ದೂರದ ಊರಿಗೆ, ದೂರದ ದೇಶಕ್ಕೆ ಕಳುಹಿಸುವ ಸಭೆಗಳು ಲೋಕದಲ್ಲಿ ಹಲವಿವೆ. ನಮ್ಮಲ್ಲಿಯೂ ಇದು ಆಗಬಾರದೇಕೆ ಎಂದು ಕೇಳುವವರಿದ್ದಾರೆ. ಆಗಬಹುದು ಎಂದೇ ನಮ್ಮ ಅಭಿಪ್ರಾಯ. ಆದರೆ ಹೇಗೆ ಆಗಬೇಕೆಂಬುದನ್ನು ಮೊದಲು ಯೋಚಿಸಬೇಕು. ಅದಕ್ಕೆ ಹಿಂದಿನ ಒಂದು ದಂಪತಿಯ ಕಥೆ ನಮಗೆ ಪಾಠವಾಗಿದೆ.

ಜೊನಾಥನ್ ಗೋಫೋರ್ತ್ ಅಯ್ಯನವರು 1859ರಲ್ಲಿ ಕೆನಡಾ ದೇಶದ ಒಂದು ಬೇಸಾಯದ ಮನೆಯಲ್ಲಿ ಹುಟ್ಟಿದರು. ಅವರ ಪತ್ನಿ ರೊಸಾಲಿಂಡ್ ಅಮ್ಮನವರು ಚಿತ್ರಕಲಾವಿದರೊಬ್ಬರ ಮಗಳು. 1887ರಲ್ಲಿ ಮದುವೆ, 1888ರಲ್ಲಿ ಚೀನಾ ದೇಶಕ್ಕೆ ಪ್ರಯಾಣ. ಹೆನಾನ್ ಪ್ರಾಂತದಲ್ಲಿ ಸುವಾರ್ತೆಯ ಸೇವೆ. 1900ರ ಬಾಕ್ಸರ್ ದಂಗೆಯಲ್ಲಿ ಅಯ್ಯನವರಿಗೆ ಕತ್ತಿಯ ಗಾಯಗಳಾದವು; ಸಂಸಾರವೆಲ್ಲ ಜೀವ ಉಳಿಸಿಕೊಂಡು ಓಡಬೇಕಾಯಿತು. ಹುಟ್ಟಿದ 11 ಮಕ್ಕಳಲ್ಲಿ ಐವರು ಚಿಕ್ಕಂದಿನಲ್ಲೇ ತೀರಿಕೊಂಡರು.

ಇಷ್ಟೆಲ್ಲ ಆದ ಮೇಲೆ ಮುಪ್ಪಿನಲ್ಲಿ ಅವರಿಗೆ ಒಂದು ಪೆಟ್ಟು ಬಿತ್ತು. 1925ರಲ್ಲಿ ಕೆನಡಾದ ಮೆಥಡಿಸ್ಟ್, ಕಾಂಗ್ರಿಗೇಶನಲ್ ಸಭೆಗಳೂ ಪ್ರೆಸ್ಬಿಟೇರಿಯನ್ ಸಭೆಯ ಹೆಚ್ಚಿನ ಭಾಗವೂ ಒಂದುಗೂಡಿ ಹೊಸ ಸಭೆಯಾಯಿತು. ಹೆನಾನ್ ಕ್ಷೇತ್ರ ಆ ಹೊಸ ಸಭೆಯ ಪಾಲಿಗೆ ಹೋಯಿತು. ಗೋಫೋರ್ತ್ ದಂಪತಿ ಕೂಡದೆ ಉಳಿದ ಪ್ರೆಸ್ಬಿಟೇರಿಯನ್ ಸಭೆಯಲ್ಲೇ ನಿಂತರು. ಮಕ್ಕಳನ್ನು ಮಣ್ಣಿಗಿಟ್ಟ ಊರು, ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ದುಡಿದ ಕ್ಷೇತ್ರ, ಎಲ್ಲವನ್ನೂ ಬಿಡಬೇಕಾಯಿತು. ದುಡಿದ ಜಾಗದಿಂದ ಸಾಮಾನು ಕಟ್ಟಿಕೊಂಡು ಹೊರಡುವುದೆಂದರೆ ಏನೆಂಬುದನ್ನು ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಊರಿಗೆ ಹಿಂದಿರುಗಿ ಕೂತಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. 1927ರಲ್ಲಿ, ಅಯ್ಯನವರಿಗೆ 68 ವರ್ಷ, ಅಮ್ಮನವರಿಗೂ ಅರವತ್ತು ದಾಟಿರುವಾಗ, ಚೀನಾದ ಈಶಾನ್ಯದ ಮಂಚೂರಿಯ ಸೀಮೆಗೆ ಹೋಗಿ ಸೆಪಿಂಗ್‌ಕೈ ಎಂಬ ರೈಲ್ವೆ ಜಂಕ್ಷನ್ ಊರಿನಲ್ಲಿ ನೆಲೆಸಿದರು. ಇಂದು ಅದಕ್ಕೆ ಸಿಪಿಂಗ್ ಎಂದು ಹೆಸರು. ನಮ್ಮ ಬೆಟ್ಟಗಳಲ್ಲಿ ಮಂಜು ಹೆಪ್ಪುಗಟ್ಟಿ ಟೀ ಚಿಗುರು ಕರಕಾದರೆ ಎಂಥ ಚಳಿ ಎನ್ನುತ್ತೇವೆ. ಅಲ್ಲಿ ಚಳಿಗಾಲದ ರಾತ್ರಿ ಸೊನ್ನೆಯಿಂದ 20 ಡಿಗ್ರಿ ಕೆಳಗೂ ಇಳಿಯುತ್ತದೆ.

ಆ ಸೀಮೆಯಲ್ಲಿದ್ದ ಜನ ಯಾರು? ಬರಗಾಲ, ಯುದ್ಧ, ಸಾಲಗಳಿಂದ ನೊಂದು ಶಾಂಡೊಂಗ್ ಮುಂತಾದ ಪ್ರಾಂತಗಳಿಂದ ಹೊಟ್ಟೆಪಾಡಿಗೆ ಬಂದವರು. ಆ ವರ್ಷಗಳಲ್ಲಿ ಲಕ್ಷಾಂತರ ಮಂದಿ ರೈಲಿನಲ್ಲಿ, ಹಡಗಿನಲ್ಲಿ, ಕಾಲ್ನಡೆಯಲ್ಲಿ ಬಂದು ಹೊಲಗಳಲ್ಲಿ, ಗಣಿಗಳಲ್ಲಿ, ರೈಲ್ವೆಯಲ್ಲಿ ಕೂಲಿಗೆ ನಿಂತರು. ನಮ್ಮ ತಾತ ಮುತ್ತಾತಂದಿರು ಗಂಟು ಕಟ್ಟಿಕೊಂಡು ಘಾಟಿ ಹತ್ತಿದ ಹಾಗೆಯೇ. ಊರು ಬಿಟ್ಟವರ ನಡುವೆ ಊರು ಬಿಟ್ಟ ದಂಪತಿ ಬಂದು ಸೇರಿದರು. ಮುಖ್ಯವಾದ ಮಾತೇನೆಂದರೆ, ಅವರು ಬರಿಗೈಯಲ್ಲಿ ಬರಲಿಲ್ಲ. ಉತ್ತರ ಚೀನಾದ ಜನರ ಮಾತು ನಾಲಗೆಯ ಮೇಲಿತ್ತು. ಅವರ ಊಟ, ಮರ್ಯಾದೆ, ದುಃಖಗಳ ಬಳಕೆಯಿತ್ತು. ಯುವಕನಿಗೆ ಕಾಲಲ್ಲಿ ಬಲವಿರಬಹುದು, ಈ ಬಳಕೆ ಇರುವುದಿಲ್ಲ.

ಆದರೂ ದೇಹ ದೇಹವೇ. 1930ರ ಹೊತ್ತಿಗೆ ಅಯ್ಯನವರ ಒಂದು ಕಣ್ಣು ಹೋಯಿತು. 1931ರಲ್ಲಿ ಜಪಾನ್ ಸೈನ್ಯ ಮಂಚೂರಿಯವನ್ನು ಹಿಡಿಯಿತು. 1933ರಲ್ಲಿ ಇನ್ನೊಂದು ಕಣ್ಣೂ ಹೋಗಿ ಅವರು ಪೂರಾ ಕುರುಡರಾದರು. ಆಗ ಚೀನೀ ಸಹೋದರರು ಅವರಿಗೆ ದೇವರ ವಾಕ್ಯ ಓದಿ ಹೇಳಿದರು, ಕೈ ಹಿಡಿದು ನಡೆಸಿದರು. ಕಲಿಸಲು ಬಂದವರನ್ನು ಕಲಿತವರು ನಡೆಸಿದರು. ದಂಪತಿ ಸ್ವದೇಶಕ್ಕೆ ಮರಳಿದ ಮೇಲೆ 1936ರಲ್ಲಿ ಅಯ್ಯನವರು ದೇವರ ಸನ್ನಿಧಿ ಸೇರಿದರು.

ಸಭೆಗಳಲ್ಲಿ ಈ ಕಥೆಯನ್ನು ಗೋಫೋರ್ತ್ ಅಯ್ಯನವರ ಕಥೆ ಎಂದೇ ಹೇಳುವುದು ವಾಡಿಕೆ. ನಾವು ನಿಂತು ನೋಡಬೇಕಾದದ್ದು ಇಲ್ಲಿಯೇ. 11 ಹೆರಿಗೆ ಯಾರದು? ಕುರುಡನಾದ ಗಂಡನ ಮನೆ ನಡೆಸಿದವರು ಯಾರು? ಹಿಂದೆ ಹೆನಾನಿನಲ್ಲಿದ್ದಾಗ, ಹೆಂಡತಿ ಮಕ್ಕಳೊಡನೆ ಊರೂರಿಗೆ ಹೋಗಿ ಬಾಡಿಗೆ ಮನೆಯಲ್ಲಿದ್ದು ಸೇವೆ ಮಾಡೋಣವೆಂದು ಅಯ್ಯನವರು ಹೇಳಿದರು. ಮಕ್ಕಳಿಗೆ ರೋಗ ತಗಲೀತೆಂದು ಅಮ್ಮನವರು ಮೊದಲು ಒಪ್ಪಲಿಲ್ಲ. ಒಂದು ಮಗು ತೀರಿಹೋದ ದುಃಖದ ನಂತರವೇ ಒಪ್ಪಿದರು. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಗಂಡನ ಜೀವನಚರಿತ್ರೆಯನ್ನು 1937ರಲ್ಲಿ ಪ್ರಕಟಿಸಿದವರೂ ಅವರೇ. 1940ರಲ್ಲಿ ತಮ್ಮ ಸ್ವಂತ ನೆನಪುಗಳ ಪುಸ್ತಕ ತಂದಾಗಲೂ ತಮ್ಮನ್ನು "ಮಿಷನರಿಯ ಹೆಂಡತಿ" ಎಂದೇ ಕರೆದುಕೊಂಡರು. ಆ ಕಾಲದ ಬಹುತೇಕ ಮಿಷನ್‌ಗಳಲ್ಲಿ ಹೆಂಡತಿಗೆ ಬೇರೆ ಸಂಬಳವಿರಲಿಲ್ಲ, ಕೆಲಸಕ್ಕೆ ಮಾತ್ರ ಅಳತೆಯಿರಲಿಲ್ಲ. ದಿನವೆಲ್ಲ ಎಲೆ ಕಿತ್ತು ತೂಕಕ್ಕೆ ಕೊಟ್ಟು ಬಂದು, ಮನೆಯಲ್ಲಿ ತೂಕವಿಲ್ಲದ ಕೆಲಸ ಮಾಡುವ ನಮ್ಮ ಅಕ್ಕ ತಂಗಿಯರಿಗೆ ಇದು ಹೊಸ ಸುದ್ದಿಯಲ್ಲ.

ಸತ್ಯವೇದದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಯಿದ್ದಾರೆ. ರೋಮಿನಿಂದ ಹೊರಡಿಸಲ್ಪಟ್ಟು ಕೊರಿಂಥಕ್ಕೆ ಬಂದು, ಗುಡಾರ ಮಾಡುವ ಕಸಬಿನಿಂದ ಹೊಟ್ಟೆ ಹೊರೆದವರು. ಪೌಲನು ಅವರ ಮನೆಯಲ್ಲಿದ್ದು ಅದೇ ಕಸಬು ಮಾಡಿದನು. ಅವರ ವಿಷಯ ಬರುವ ಕಡೆಯಲ್ಲೆಲ್ಲ ಇಬ್ಬರ ಹೆಸರೂ ಕೂಡಿಯೇ ಬರುತ್ತದೆ, ಕೆಲವು ಕಡೆ ಹೆಂಡತಿಯ ಹೆಸರೇ ಮುಂದೆ. ಕೂಲಿಯವರ ಸಭೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಆದಕಾರಣ ನಮ್ಮ ಸಭೆಗಳ ಹಿರಿಯರಲ್ಲಿ ನಮ್ಮ ವಿನಂತಿ ಇದು. ವಯಸ್ಸಾದ ದಂಪತಿಯನ್ನು ಎಲ್ಲಿಗಾದರೂ ಸೇವೆಗೆ ಕಳುಹಿಸುವ ಮೊದಲು ಅಮ್ಮನವರನ್ನು ಬೇರೆಯಾಗಿ, ಗಂಡನ ಎದುರಲ್ಲದೆ, ಕೇಳಿರಿ. ಅವರು ಬೇಡವೆಂದರೆ ಅಲ್ಲಿಗೇ ನಿಲ್ಲಿಸಿರಿ. ಅದನ್ನು ವಿಶ್ವಾಸದ ಕೊರತೆ ಎನ್ನಬೇಡಿರಿ. ಇರುವ ಮನೆ, ಮದ್ದಿನ ಖರ್ಚು, ಬಸ್ಸಿನ ಖರ್ಚು ಇಂತಿಷ್ಟೆಂದು ಇಬ್ಬರ ಹೆಸರಿನಲ್ಲಿಯೂ ಬರೆದು ಕೊಡಿರಿ. "ದೇವರು ನೋಡಿಕೊಳ್ಳುತ್ತಾನೆ" ಎಂದು ಹೇಳಿ ನಾವು ನೋಡಿಕೊಳ್ಳದೆ ಇರುವುದು ಭಕ್ತಿಯಲ್ಲ. ಅವರಿಗೆ ಬರುವ ಭಾಷೆ, ತಿಳಿದ ಜನ ಇರುವ ಕಡೆಗೇ ಕಳುಹಿಸಿರಿ. ಕನ್ನಡ, ತಮಿಳು, ಮಲಯಾಳ ಮೂರನ್ನೂ ಆಡಬಲ್ಲ ಹಿರಿಯರು ನಮ್ಮ ಲೈನ್‌ಗಳಲ್ಲಿ ಎಷ್ಟಿಲ್ಲ! ಹಿಂದಿರುಗುವ ದಿನ ಅವರಿಗೆ ಬಾಗಿಲು ತೆರೆದಿರುವ ಮನೆ ಯಾವುದೆಂದು ಹೊರಡುವ ದಿನವೇ ಗೊತ್ತುಮಾಡಿರಿ.

ಅವರನ್ನು ಬರಮಾಡಿಕೊಳ್ಳುವ ಸಭೆಗೂ ಒಂದು ಮಾತು. ಹೊಸ ಊರಿಗೆ ಬಂದ ಮುದುಕ ಮುದುಕಿಗೆ ಮೊದಲ ವಾರ ಬೇಕಾದದ್ದು ಹಾರ, ಸ್ವಾಗತ ಭಾಷಣಗಳಲ್ಲ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಸೌದೆ ಎಲ್ಲಿ ಸಿಕ್ಕುತ್ತದೆ, ಡಿಸ್ಪೆನ್ಸರಿಗೆ ಯಾವ ದಾರಿ, ರಾತ್ರಿ ಎದೆನೋವು ಬಂದರೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಹೇಳಿಕೊಡಿರಿ. ಕಣ್ಣು ಮಂಜಾದವರಿಗೆ ಓದಿ ಹೇಳಿರಿ. ಸೆಪಿಂಗ್‌ಕೈಯ ಸಹೋದರರು ಮಾಡಿದ್ದು ಅದನ್ನೇ.