ಕೈಕೊಟ್ಟದ್ದು ಕುದುರೆಯಲ್ಲ

ಹವ್ಯಾಸಿಗಳ ಶೋ ಜಂಪಿಂಗ್ ಸ್ಪರ್ಧೆ ನಡೆಯುವ ಭಾನುವಾರ, ಬೆಂಗಳೂರಿನ ಹೊರವಲಯದ ಯಾವುದೇ ಮೈದಾನದಲ್ಲಿ ಕಾಫಿ ಲೋಟ ಹಿಡಿದು ಹತ್ತು ನಿಮಿಷ ನಿಲ್ಲಿ. ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಎಲ್ಲಾ ಚೆನ್ನಾಗಿತ್ತು, ಐದನೇ ಜಂಪಲ್ಲಿ ಕುದುರೆ ಕೈಕೊಡ್ತು.’ ಗೆದ್ದವರು ಹೀಗೆ ಹೇಳುವುದಿಲ್ಲ. ಗೆದ್ದವರದು ‘ನಾನು ಕ್ಲಿಯರ್ ರೌಂಡ್ ಮಾಡಿದೆ.’ ಗೆಲುವಿನ ವಾಕ್ಯದಲ್ಲಿ ಕರ್ತೃ ನಾನು, ಸೋಲಿನ ವಾಕ್ಯದಲ್ಲಿ ಮಾತ್ರ ಕುದುರೆ. ನನ್ನ ತಕರಾರು ಈ ವ್ಯಾಕರಣದ ಬಗ್ಗೆ.

ಆ ಮಾತನ್ನು ನಾನೂ ಆಡಿದ್ದೇನೆ. ಮೂವತ್ತು ದಾಟಿದ ಮೇಲೆ ಸವಾರಿ ಕಲಿಯಲು ಹೊರಟವನು ನಾನು. ಸಿಕ್ಕಿದ್ದು ರೇಸಿನಿಂದ ನಿವೃತ್ತಳಾದ, ಕಂದು ಬಣ್ಣದ ಬಾಡಿಗೆ ಕುದುರೆ. ವಿಭಾಗ 80 ಸೆಂಟಿಮೀಟರಿನದು. ಎತ್ತರ ಊಟದ ಮೇಜಿನಷ್ಟು. ಬೆಳಿಗ್ಗೆ ತಡಿ ಬಿಗಿಯುವಾಗ ಸಯೀಸ್ ಅಣ್ಣ ಹೇಳಿದ್ದ: ‘ಬೆನ್ನು ಬಗ್ಗಿಸ್ತಾಳೆ ಸಾರ್. ಇವತ್ತು ಯಾಕೋ ಸರಿಯಿಲ್ಲ.’ ಕೇಳಿಸಿಕೊಂಡೆ. ಆದರೆ ಪ್ರವೇಶ ಶುಲ್ಕ ಕಟ್ಟಿಯಾಗಿತ್ತು, ಚಿಕ್ಕಪ್ಪನ ಮಕ್ಕಳು ಫೋನು ಹಿಡಿದು ಕಟಕಟೆಯ ಪಕ್ಕ ನಿಂತಾಗಿತ್ತು. ‘ಬಿಸಿಯಾದ ಮೇಲೆ ಸರಿಹೋಗ್ತಾಳೆ ಬಿಡಣ್ಣ’ ಎಂದೆ.

ಐದನೇ ಕಂಬದ ಮುಂದೆ ಅವಳು ನಿಂತಳು. ಆಚೆಯಿಂದ ತರಬೇತುದಾರರು ಕೂಗಿದರು, ‘ಎರಡು ಬಿಡಿ!’ ಬಿಟ್ಟೆ. ಸುತ್ತು ಹಾಕಿ ಮತ್ತೆ ಬಂದೆವು. ಮತ್ತೆ ನಿಂತಳು. ಗಂಟೆ ಬಾರಿಸಿತು, ನನ್ನ ಸ್ಪರ್ಧೆ ಮುಗಿದಿತ್ತು. ಆಗ ಮೂರನೇ ಏಟು ಹೊಡೆದೆ. ಆ ಏಟಿನಿಂದ ಯಾವ ಜಂಪೂ ಆಗಬೇಕಾಗಿರಲಿಲ್ಲ. ಅದು ಬರೀ ನನ್ನ ಅವಮಾನದ ಏಟು. ಎರಡು ದಿನ ಬಿಟ್ಟು ಪಶುವೈದ್ಯರು ಬಂದು ನೋಡಿದಾಗ ಹೆಗಲಿನ ಹಿಂದೆ ಊತವಿತ್ತು. ಹಾಕಿದ್ದ ತಡಿ ಬೇರೆ ಕುದುರೆಯ ಅಳತೆಯದು. ಆ ಭಾನುವಾರ ನಿಜ ಹೇಳಿದವರು ಇಬ್ಬರೇ, ಸಯೀಸ್ ಅಣ್ಣ ಮತ್ತು ಅವಳು.

ನಿಯಮ ಪುಸ್ತಕ ಇದನ್ನು ‘ಅವಿಧೇಯತೆ’ ಎನ್ನುತ್ತದೆ. ಕಂಬ ಬಿದ್ದರೆ 4 ಅಂಕ ದಂಡ, ಕುದುರೆ ಹಾರಲು ಒಪ್ಪದಿದ್ದರೂ 4. ಅಂತಾರಾಷ್ಟ್ರೀಯ ನಿಯಮದಂತೆ ಎರಡನೇ ಸಲಕ್ಕೆ ಹೊರಗೆ. ಹೊರಹಾಕಿದ ಮೇಲೆ ಚಾಟಿ ಮುಟ್ಟುವಂತಿಲ್ಲ ಎಂದೂ ಅದೇ ಪುಸ್ತಕ ಹೇಳುತ್ತದೆ, ಅದು ಬೇರೆ ಮಾತು. ಅವಿಧೇಯತೆ ಎನ್ನಬೇಕಾದರೆ ಆಜ್ಞೆ ಅರ್ಥವಾಗಿರಬೇಕು, ಮೈಯಲ್ಲಿ ಶಕ್ತಿಯೂ ಇರಬೇಕು. ನಮ್ಮಂಥವರ ಆಜ್ಞೆ ಎಂಥದು? ಹಿಮ್ಮಡಿ ‘ಹೋಗು’ ಎನ್ನುತ್ತದೆ, ಹೆದರಿದ ಕೈ ಲಗಾಮು ಜಗ್ಗಿ ‘ನಿಲ್ಲು’ ಎನ್ನುತ್ತದೆ. ಕುದುರೆಯ ಕಣ್ಣುಗಳಿರುವುದು ತಲೆಯ ಎರಡು ಬದಿಗೆ. ಹಣೆಯ ನೇರ ಎದುರಿಗೆ ತುಸು ಜಾಗ ಅದಕ್ಕೆ ಕಾಣುವುದೇ ಇಲ್ಲ. ತಲೆ ಎತ್ತಿ ಇಳಿಸಿ ದೂರದಿಂದಲೇ ಕಂಬವನ್ನು ಅಳೆದುಕೊಳ್ಳಬೇಕು. ಆ ತಲೆಯನ್ನೂ ನಾವು ಬಿಗಿಹಿಡಿದಿರುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲಕ್ಕಾದರೂ ಅವಳು ಹೊಡೆಯಲಿಲ್ಲ.

ಟೋಕಿಯೋ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. 2021ರ ಆಗಸ್ಟ್, ಮಾಡರ್ನ್ ಪೆಂಟಾಥ್ಲಾನ್. ಮುಂಚೂಣಿಯಲ್ಲಿದ್ದ ಜರ್ಮನಿಯ ಅನ್ನಿಕಾ ಶ್ಲಾಯ್ ಅವರಿಗೆ ಚೀಟಿಯಲ್ಲಿ ಬಂದ ಕುದುರೆ ಸೇಂಟ್ ಬಾಯ್. ಪರಿಚಯಕ್ಕೆ ಇಪ್ಪತ್ತು ನಿಮಿಷ. ಹಿಂದಿನ ಸ್ಪರ್ಧಿಯ ಕೆಳಗೂ ಅದು ಹಾರಲು ಒಪ್ಪದೆ ನಿಂತಿತ್ತು. ಶ್ಲಾಯ್ ಅಳುತ್ತಾ ಚಾಟಿ ಬೀಸಿದರು, ಅವರ ಕೋಚ್ ಕುದುರೆಗೆ ಮುಷ್ಟಿಯಿಂದ ಗುದ್ದಿ ಕೂಟದಿಂದಲೇ ಹೊರಬಿದ್ದರು. ಗಲಾಟೆ ಎಷ್ಟಾಯಿತೆಂದರೆ 2024ರ ಪ್ಯಾರಿಸ್ ನಂತರ ಆ ಕ್ರೀಡೆಯಿಂದ ಕುದುರೆಯೇ ಹೋಯಿತು. ಅದೇ ಟೋಕಿಯೋದಲ್ಲಿ ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ ಇವೆಂಟಿಂಗ್‌ನಲ್ಲಿ 23ನೆಯವರಾದರು. ಅವರ ಕುದುರೆ ಸೆನ್ಯೂರ್ ಮೆಡಿಕಾಟ್. 2018ರ ಜಕಾರ್ತ ಏಷ್ಯಾಡ್‌ನಲ್ಲಿ ಬೆಳ್ಳಿ ಗೆದ್ದಾಗಲೂ ಅದೇ ಕುದುರೆ. ನಾವು ಮಿರ್ಜಾ ಫೋಟೋ ನೋಡಿ ಸವಾರಿ ಶಾಲೆಗೆ ಸೇರುತ್ತೇವೆ, ಸ್ಪರ್ಧಿಸುವುದು ಮಾತ್ರ ಇಪ್ಪತ್ತು ನಿಮಿಷದ ಪರಿಚಯದಲ್ಲಿ.

‘ಕುದುರೆಗೆ ಹಾರೋದು ಇಷ್ಟ’ ಎನ್ನುವವರಿದ್ದಾರೆ. ಇರಬಹುದು. ಹಾಗಿದ್ದರೆ ಇಷ್ಟವಿಲ್ಲದ ದಿನವೂ ಅದಕ್ಕೆ ಇರಬೇಕಲ್ಲ? ಎಲ್ಲವನ್ನೂ ನಿಷೇಧಿಸಿ ಎನ್ನುವ ಗೆಳೆಯರ ಜೊತೆಗೂ ನಾನಿಲ್ಲ. ರೇಸು ಬಿಟ್ಟ ಕುದುರೆ ಮದುವೆ ಮೆರವಣಿಗೆಯ ಡಿಜೆ ಸದ್ದಿನಲ್ಲಿ ನಿಲ್ಲುವುದಕ್ಕಿಂತ ಒಳ್ಳೆಯ ಸವಾರಿ ಶಾಲೆಯ ಲಾಯ ಎಷ್ಟೋ ಮೇಲು. ನಾನೂ ಸವಾರಿ ಬಿಟ್ಟಿಲ್ಲ.

ನಾನು ಕೇಳುತ್ತಿರುವುದು ಇಷ್ಟೇ. ಒಂದು ಮೀಟರಿನ ಕೆಳಗಿನ ಹವ್ಯಾಸಿ ವಿಭಾಗಗಳಲ್ಲಿ ಚಾಟಿ ಬೇಡ. ತಡಿಯ ಅಳತೆಯನ್ನು ಸ್ಪರ್ಧೆಗೆ ಮುಂಚೆ ಯಾರಾದರೂ ನೋಡಲಿ. ಮುಖ್ಯವಾಗಿ, ‘ಇವತ್ತು ಬೇಡ’ ಎಂದು ಸಯೀಸ್ ಹೇಳಿದರೆ ಅದೇ ಕೊನೆಯ ಮಾತಾಗಲಿ, ಸವಾರ ಯಾರೇ ಆಗಿರಲಿ. ತಿಂಗಳ ಸಂಬಳಕ್ಕೆ ಲಾಯದಲ್ಲಿ ಮಲಗುವವನ ಮಾತಿಗೆ ಬೂಟು ಹಾಕಿ ಬಂದವನು ತಲೆಬಾಗುವುದು ನಮ್ಮಲ್ಲಿ ಸುಲಭವಲ್ಲ, ಗೊತ್ತು. ಇದನ್ನು ಸಂಘಟಕರೊಬ್ಬರ ಮುಂದೆ ಹೇಳಿದಾಗ ಅವರು ನಕ್ಕರು: ‘ಸಯೀಸ್‌ಗಳನ್ನ ಕೇಳ್ತಾ ಕೂತರೆ ಶೋ ನಡೆದ ಹಾಗೇ!’

ನಡೆಯದ ದಿನ ನಡೆಯದಿರಲಿ. ಶುಲ್ಕ ವಾಪಸ್ ಕೊಡಿ.